ಕಾರಿಗೆ ಹಗುರವಾದ ಗಾಲಿ: ಲಾಭವೆಷ್ಟು, ಎಚ್ಚರಿಕೆಯೇನು?

ಹೊಟ್ಟೆಪಾಡಿಗಾಗಿ ಊರು ಬಿಟ್ಟು ಮುಂಬಯಿಗೆ ಬಂದ ನಮ್ಮವರಲ್ಲಿ ಮೋಟಾರನ್ನೇ ನಂಬಿ ಬಾಳುವವರು ಅನೇಕರಿದ್ದಾರೆ. ಟ್ಯಾಕ್ಸಿ ಓಡಿಸುವವರು, ಮಾಲೀಕರ ಕಾರಿಗೆ ಚಾಲಕರಾಗಿ ದುಡಿಯುವವರು, ಗ್ಯಾರೇಜುಗಳಲ್ಲಿ ಮೇಸ್ತ್ರಿಗಳಾಗಿರುವವರು ಒಂದು ಕಡೆ. ಕಚೇರಿಯಲ್ಲಿ ಗುಮಾಸ್ತರಾಗಿದ್ದು, ಹತ್ತು ವರ್ಷ ಕೂಡಿಟ್ಟ ಹಣದಲ್ಲಿ ಒಂದು ಹಳೆಯ ಕಾರನ್ನು ಕೊಂಡು, ವರ್ಷಕ್ಕೊಮ್ಮೆ ಹೆಂಡತಿ ಮಕ್ಕಳೊಡನೆ ಊರಿಗೆ ಹೋಗಿಬರುವವರು ಇನ್ನೊಂದು ಕಡೆ. ಇವರೆಲ್ಲರಿಗೂ ತಪ್ಪದೆ ಎದುರಾಗುವ ಖರ್ಚು ಟೈರಿನದು. ಹಳೆಯ ಟೈರು ಸವೆದು ಅಂಗಡಿಗೆ ಹೋದರೆ ಅಂಗಡಿಯವರು ಸುಮ್ಮನೆ ಟೈರು ಹಾಕಿ ಕಳಿಸುವುದಿಲ್ಲ. "ಟೈರಿನ ಜೊತೆಗೆ ಮ್ಯಾಗ್ ವೀಲನ್ನೂ ಹಾಕಿಸಿಬಿಡಿ. ಗಾಡಿ ಹಗುರವಾಗುತ್ತದೆ, ಪಿಕಪ್ ಬರುತ್ತದೆ, ಆವರೇಜು ಏರುತ್ತದೆ" ಎಂದು ಗೋಡೆಗೆ ತೂಗಿಸಿದ ಹೊಳೆಯುವ ಗಾಲಿಗಳ ಕಡೆಗೆ ಕೈ ತೋರಿಸುತ್ತಾರೆ.

ನೋಡಲು ಚೆಂದವಾದ ವಸ್ತುವಿಗೆ ಮನಸ್ಸು ಸೋಲುವುದು ಸಹಜ. ಆದರೆ ಅಂತಹ ನಾಲ್ಕು ಗಾಲಿಗಳ ಬೆಲೆ ನಮ್ಮಲ್ಲಿ ಅನೇಕರಿಗೆ ಒಂದು ತಿಂಗಳ ಸಂಬಳದಷ್ಟು. ಅಷ್ಟು ಹಣವನ್ನು ಎಣಿಸಿಕೊಡುವ ಮೊದಲು ಅಂಗಡಿಯವರ ಮಾತಿನಲ್ಲಿ ನಿಜವೆಷ್ಟು ಎಂಬುದನ್ನು ತಿಳಿದುಕೊಳ್ಳುವುದು ಮೇಲು. ಮೊದಲಿಗೇ ನಮ್ಮ ಅಭಿಪ್ರಾಯವನ್ನು ಹೇಳಿಬಿಡುತ್ತೇವೆ. ಗಾಲಿ ಹಗುರವಾದರೆ ಕಾರು ಚುರುಕಾಗುವುದು ನಿಜ. ಆದರೆ ಆ ಲಾಭ ಚಿಕ್ಕದು. ಹಗುರವೆಂದು ನಂಬಿ ದೊಡ್ಡದಾದ, ಭಾರವಾದ ಗಾಲಿಯನ್ನು ಹಾಕಿಸಿಕೊಂಡರೆ ಆಗುವ ನಷ್ಟ ಅದಕ್ಕಿಂತ ಬಹಳ ದೊಡ್ಡದು. ಇದು ಹೇಗೆಂಬುದನ್ನು ಲೆಕ್ಕದೊಡನೆ ವಿವರಿಸುತ್ತೇವೆ.

ಗಾಲಿಯ ಭಾರಕ್ಕೆ ಏನು ವಿಶೇಷ?

ಕಾರಿನಲ್ಲಿರುವ ಭಾರವೆಲ್ಲ ಒಂದೇ ಬಗೆಯದಲ್ಲ. ಡಿಕ್ಕಿಯಲ್ಲಿಟ್ಟ ಅಕ್ಕಿಯ ಚೀಲವನ್ನು ಎಂಜಿನು ಮುಂದಕ್ಕೆ ಒಯ್ದರೆ ಸಾಕು. ಆದರೆ ಗಾಲಿಯನ್ನು ಮುಂದಕ್ಕೂ ಒಯ್ಯಬೇಕು, ಅದೇ ಹೊತ್ತಿಗೆ ತಿರುಗಿಸಲೂ ಬೇಕು. ಒಂದೇ ವಸ್ತುವಿಗೆ ಎರಡು ದುಡಿಮೆ.

ತಿರುಗಿಸುವ ದುಡಿಮೆಯಲ್ಲಿ ಭಾರ ಎಷ್ಟಿದೆ ಎಂಬುದರಂತೆಯೇ ಅದು ನಡುವಿನಿಂದ ಎಷ್ಟು ದೂರದಲ್ಲಿದೆ ಎಂಬುದೂ ಮುಖ್ಯ. ಒಂದು ಕಲ್ಲನ್ನು ಗೇಣುದ್ದದ ಹಗ್ಗಕ್ಕೆ ಕಟ್ಟಿ ತಿರುಗಿಸಿ ನೋಡಿ. ಅದೇ ಕಲ್ಲನ್ನು ಮಾರುದ್ದದ ಹಗ್ಗಕ್ಕೆ ಕಟ್ಟಿ ಅಷ್ಟೇ ಸುತ್ತು ತಿರುಗಿಸಲು ಹೋದರೆ ತೋಳು ಸೋಲುತ್ತದೆ. ಎತ್ತಿನ ಬಂಡಿಯ ಚಕ್ರವನ್ನು ಕಂಡವರಿಗೆ ಈ ಮಾತು ಇನ್ನೂ ಸುಲಭವಾಗಿ ತಿಳಿಯುತ್ತದೆ. ಚಕ್ರದ ಗುಂಬದ ಭಾರ ನಡುವಿನಲ್ಲಿರುವುದರಿಂದ ಅದನ್ನು ತಿರುಗಿಸುವುದು ಕಷ್ಟವಲ್ಲ. ಹೊರಸುತ್ತಿಗೆ ಬಡಿದ ಕಬ್ಬಿಣದ ಪಟ್ಟಿಯೇ ಎತ್ತಿನ ಹೆಗಲನ್ನು ಜಗ್ಗುವಂಥದು. ಆದರೆ ಒಮ್ಮೆ ಉರುಳತೊಡಗಿದ ಮೇಲೆ ಅದೇ ಪಟ್ಟಿ ಬಂಡಿಯನ್ನು ನಿಲ್ಲಗೊಡುವುದಿಲ್ಲ.

ಕಾರಿನ ಗಾಲಿಯಲ್ಲಿ ಆ ಪಟ್ಟಿಯ ಸ್ಥಾನದಲ್ಲಿರುವುದು ಟೈರು. ನೆಲಕ್ಕೆ ತಾಗುವ ಹೊರಮೈಯಲ್ಲಿರುವ ಒಂದು ಕಿಲೋ ರಬ್ಬರು, ಕಾರು ವೇಗ ಹೆಚ್ಚಿಸಿಕೊಳ್ಳುವಾಗ ಹೆಚ್ಚುಕಡಮೆ ಎರಡು ಕಿಲೋ ಭಾರದಂತೆ ವರ್ತಿಸುತ್ತದೆ. ರಿಮ್ಮಿನ ಅಂಚಿನ ಒಂದು ಕಿಲೋ ಸುಮಾರು ಒಂದೂವರೆ ಕಿಲೋವಿನಂತೆ. ನಡುವಿನ ಹಬ್ಬಿನ ಬಳಿಯ ಒಂದು ಕಿಲೋ ಒಂದೇ ಕಿಲೋವಿನಂತೆ. ಆದಕಾರಣ ಹಗುರ ಮಾಡಬೇಕೆನ್ನುವವರು ಮೊದಲು ನೋಡಬೇಕಾದದ್ದು ಟೈರನ್ನು, ಆಮೇಲೆ ರಿಮ್ಮನ್ನು. ಜನರು ಮಾಡುವುದು ಇದಕ್ಕೆ ತಿರುಗಾಮುರುಗ: ಕಣ್ಣಿಗೆ ಕಾಣುವ ರಿಮ್ಮಿಗೆ ಹಣ ಸುರಿದು, ಟೈರಿನಲ್ಲಿ ಚೌಕಾಸಿ ಮಾಡುತ್ತಾರೆ.

ಲೆಕ್ಕ ಮಾಡಿ ನೋಡೋಣ

ಒಂದು ಚಿಕ್ಕ ಕಾರನ್ನು ತೆಗೆದುಕೊಳ್ಳೋಣ. ಚಾಲಕ ಹಾಗೂ ಒಬ್ಬ ಪ್ರಯಾಣಿಕ ಕುಳಿತರೆ ಒಟ್ಟು 1000 ಕಿಲೋ ತೂಗುತ್ತದೆ ಎನ್ನೋಣ. ಗಾಲಿ ಟೈರುಗಳೆರಡೂ ಸೇರಿ ಒಂದೊಂದೂ 13 ಕಿಲೋ ಇರಲಿ. ಒಳ್ಳೆಯ ಹಗುರ ಗಾಲಿ, ಹಗುರ ಟೈರು ಹಾಕಿಸಿ ಒಂದೊಂದರಲ್ಲಿ 2 ಕಿಲೋ ಉಳಿಸಿದರೆ ನಾಲ್ಕರಲ್ಲಿ 8 ಕಿಲೋ ಉಳಿಯಿತು. ತಿರುಗುವ ಭಾರವಾದ್ದರಿಂದ ಅದನ್ನು 12ರಿಂದ 16 ಕಿಲೋ ಎಂದು ಎಣಿಸಬಹುದು. 1000 ಕಿಲೋವಿನಲ್ಲಿ ಇದು ನೂರಕ್ಕೆ ಒಂದೂವರೆಯ ಆಸುಪಾಸು. ಸಿಗ್ನಲ್ಲಿನಿಂದ ಹೊರಟು 60 ಕಿಲೋಮೀಟರು ವೇಗ ಮುಟ್ಟಲು 8 ಸೆಕೆಂಡು ಬೇಕಾಗಿದ್ದರೆ ಇನ್ನು ಮುಂದೆ ಸುಮಾರು 7.9 ಸೆಕೆಂಡು ಸಾಕು. ಗಡಿಯಾರ ಹಿಡಿದು ಅಳೆದರೆ ಕಾಣಬಹುದು; ಸೀಟಿನಲ್ಲಿ ಕುಳಿತವರಿಗೆ ಗೊತ್ತಾಗುವುದು ಕಷ್ಟ.

ಇದರಲ್ಲಿ ಇನ್ನೊಂದು ಸೂಕ್ಷ್ಮವಿದೆ. ಗಾಲಿಯ ತಿರುಗುವ ಭಾರ ಲೆಕ್ಕಕ್ಕೆ ಬರುವುದು ವೇಗ ಏರುವಾಗ ಮತ್ತು ಬ್ರೇಕು ಒತ್ತುವಾಗ ಮಾತ್ರ. ಸಮನಾದ ರಸ್ತೆಯಲ್ಲಿ ಒಂದೇ ವೇಗದಲ್ಲಿ ಹೋಗುತ್ತಿರುವ ಕಾರಿಗೆ ಅದರಿಂದ ಲಾಭವೂ ಇಲ್ಲ, ನಷ್ಟವೂ ಇಲ್ಲ. ಆದ್ದರಿಂದ ದಾದರ್‌ನಿಂದ ಅಂಧೇರಿಯವರೆಗೆ ನಿಂತು ನಿಂತು ಹೋಗುವ ಟ್ಯಾಕ್ಸಿಗೆ ಹಗುರ ಗಾಲಿಯಿಂದ ಸ್ವಲ್ಪ ಉಪಯೋಗವುಂಟು. ರಾತ್ರಿಯೆಲ್ಲ ಹೆದ್ದಾರಿಯಲ್ಲಿ ಊರಿಗೆ ಓಡುವ ಕಾರಿಗೆ ಅಷ್ಟಿಲ್ಲ.

ಈ ಲೆಕ್ಕದಿಂದ ಹೊರಡುವ ಇನ್ನೊಂದು ಮಾತು ನಮ್ಮ ಜೇಬಿಗೆ ಹಿತವಾದದ್ದು. ಡಿಕ್ಕಿಯಲ್ಲಿ ತಿಂಗಳುಗಟ್ಟಲೆ ಬಿದ್ದಿರುವ ಹಳೆಯ ಬ್ಯಾಟರಿ, ನೀರಿನ ಕ್ಯಾನು, ಕೆಟ್ಟ ಜಾಕು, ಉಪಯೋಗಿಸದ ಕ್ಯಾರಿಯರು ಇವೆಲ್ಲ ಸೇರಿ 15 ಕಿಲೋ ಆಗುವುದು ದೊಡ್ಡ ಮಾತಲ್ಲ. ಅವನ್ನು ಇಳಿಸಿ ಮನೆಯಲ್ಲಿಟ್ಟರೆ, ಒಂದು ತಿಂಗಳ ಸಂಬಳ ಕೊಟ್ಟು ಹಗುರ ಗಾಲಿಯಿಂದ ಪಡೆಯುವ ಚುರುಕನ್ನು ಒಂದು ಕಾಸೂ ಖರ್ಚಿಲ್ಲದೆ ಪಡೆಯಬಹುದು. ಸ್ಟೆಪ್ನಿ, ಪಾನಾ, ಕೆಲಸ ಮಾಡುವ ಜಾಕು ಇವುಗಳನ್ನು ಮಾತ್ರ ಇಳಿಸತಕ್ಕದ್ದಲ್ಲ.

ಮ್ಯಾಗ್ ವೀಲೆಲ್ಲ ಹಗುರವೇ?

ನಾವು ಆಡುಮಾತಿನಲ್ಲಿ ಮ್ಯಾಗ್ ವೀಲ್ ಎನ್ನುವ ಗಾಲಿ ಮ್ಯಾಗ್ನೀಸಿಯಮ್ಮಿನದಲ್ಲ. ಹಿಂದೆ ಪಂದ್ಯದ ಕಾರುಗಳಿಗೆ ಮ್ಯಾಗ್ನೀಸಿಯಮ್ ಗಾಲಿ ಹಾಕುತ್ತಿದ್ದುದರಿಂದ ಆ ಹೆಸರು ಉಳಿದುಬಂದಿದೆ. ಅಂಗಡಿಯಲ್ಲಿ ಮಾರುವುದು ಅಲ್ಯೂಮಿನಿಯಮ್ ಮಿಶ್ರಲೋಹದ ಗಾಲಿಯನ್ನು. ಫ್ರಾನ್ಸಿನ ಬುಗಾಟಿ ಕಂಪನಿ 1924ರಲ್ಲಿ ಹೊರತಂದ ಟೈಪ್ 35 ಎಂಬ ಪಂದ್ಯದ ಕಾರಿಗೆ ಬ್ರೇಕಿನ ಡ್ರಮ್ಮಿನೊಡನೆ ಒಂದಾಗಿ ಎರಕ ಹೊಯ್ದ ಅಲ್ಯೂಮಿನಿಯಮ್ ಗಾಲಿಗಳಿದ್ದವು. ಮಿಶ್ರಲೋಹದ ಗಾಲಿಯ ಕೀರ್ತಿ ಆ ಕಾಲದಿಂದ ಬೆಳೆದು ಬಂದದ್ದು.

ಒಂದು ಘನ ಸೆಂಟಿಮೀಟರು ಉಕ್ಕು ಸುಮಾರು 7.8 ಗ್ರಾಮು ತೂಗಿದರೆ ಅಷ್ಟೇ ಅಲ್ಯೂಮಿನಿಯಮ್ 2.7 ಗ್ರಾಮು ತೂಗುತ್ತದೆ. ಇದನ್ನು ಕೇಳಿದವರು ಗಾಲಿಯೂ ಮೂರನೆಯ ಒಂದು ಪಾಲಿಗೆ ಇಳಿಯುತ್ತದೆಂದು ಭಾವಿಸಿದರೆ ಆಶ್ಚರ್ಯವಿಲ್ಲ. ಆದರೆ ಅಲ್ಯೂಮಿನಿಯಮ್ಮಿಗೆ ಉಕ್ಕಿನಷ್ಟು ಬಲವಿಲ್ಲ. ಅದೇ ಭಾರ ಹೊರಬೇಕಾದರೆ ಅದನ್ನು ದಪ್ಪವಾಗಿ ಎರಕ ಹೊಯ್ಯಬೇಕು. ಉಕ್ಕಿನ ಗಾಲಿಯೋ ತೆಳುವಾದ ತಗಡನ್ನು ಒತ್ತಿ ಮಾಡಿದ್ದು. ಹೀಗಾಗಿ ಅಗ್ಗದ ಎರಕದ ಗಾಲಿ ಅದೇ ಅಳತೆಯ ಉಕ್ಕಿನ ಗಾಲಿಯಷ್ಟೇ ತೂಗುವುದುಂಟು. ಕೆಲವು ಇನ್ನೂ ಹೆಚ್ಚು ತೂಗುವುದೂ ಉಂಟು. ಬಡಿದು ಒತ್ತಿ ಮಾಡಿದ ಫೋರ್ಜ್ಡ್ ಗಾಲಿಗಳು ನಿಜವಾಗಿಯೂ ಹಗುರ, ಗಟ್ಟಿಯೂ ಹೌದು. ಆದರೆ ಅವುಗಳ ಬೆಲೆ ನಮ್ಮಂಥವರ ಕೈಗೆ ಎಟುಕುವಂಥದಲ್ಲ.

ಆದ್ದರಿಂದ ಕಣ್ಣಿನ ಅಂದಾಜು ಬೇಡ, ತಕ್ಕಡಿಯೇ ಸಾಕ್ಷಿಯಾಗಲಿ. ಸ್ಟೆಪ್ನಿಯನ್ನು ಇಳಿಸಿ ಪಕ್ಕದ ರದ್ದಿ ಅಂಗಡಿಯ ತಕ್ಕಡಿಯಲ್ಲಿಟ್ಟರೆ ನಿಮ್ಮ ಈಗಿನ ಗಾಲಿಯ ತೂಕ ತಿಳಿಯುತ್ತದೆ. ಸ್ಟೆಪ್ನಿ ಕೆಲವು ಕಾರುಗಳಲ್ಲಿ ಚಿಕ್ಕ ಅಳತೆಯದಿರುತ್ತದೆ. ಅಂತಹ ಕಾರಿನಲ್ಲಿ ಓಡುವ ಗಾಲಿಯನ್ನೇ ಬಿಚ್ಚಿ ತೂಗಬೇಕು. ಹೊಸ ಗಾಲಿಯನ್ನೂ ತೂಗಿ ತೋರಿಸಿರೆಂದು ಅಂಗಡಿಯವರನ್ನು ಕೇಳಿ. ಕೇಳಲು ಸಂಕೋಚ ಬೇಡ. ಹಗುರವೆಂದು ಹೇಳಿ ಮಾರುವ ವಸ್ತುವನ್ನು ತೂಗಿ ಕೊಳ್ಳುವುದು ನ್ಯಾಯವೇ. ಟೈರನ್ನು ತೂಗುವಾಗ ಹೊಸದನ್ನು ಹೊಸದರೊಡನೆ ಹೋಲಿಸಬೇಕು. ಸವೆದ ಟೈರು ರಬ್ಬರು ಕಳೆದುಕೊಂಡು ತಾನಾಗಿಯೇ ಹಗುರವಾಗಿರುತ್ತದೆ. ಅದು ಲಾಭವಲ್ಲ, ಮಳೆಗಾಲದಲ್ಲಿ ಜಾರುವ ಅಪಾಯ.

ದೊಡ್ಡ ಗಾಲಿಯ ಮೋಹ

ನಷ್ಟ ಶುರುವಾಗುವುದು ಇಲ್ಲಿ. ಅಂಗಡಿಯವರು ತೋರಿಸುವ ಗಾಲಿ ಬಹುಮಟ್ಟಿಗೆ ಕಾರಿನೊಡನೆ ಬಂದದ್ದಕ್ಕಿಂತ ಒಂದು ಅಥವಾ ಎರಡು ಇಂಚು ದೊಡ್ಡದು. ಗಾಲಿ ದೊಡ್ಡದಾದರೆ ಲೋಹ ಹೆಚ್ಚು, ಟೈರು ಅಗಲವಾದರೆ ರಬ್ಬರು ಹೆಚ್ಚು. ಆ ಹೆಚ್ಚಿನ ಭಾರವೆಲ್ಲ ನಡುವಿನಿಂದ ದೂರಕ್ಕೆ ಸರಿಯುತ್ತದೆ.

ಉದಾಹರಣೆಗೆ 155/80 ಆರ್ 13 ಎಂಬ ಟೈರಿನ ಎತ್ತರ ನೆಲದಿಂದ ನೆತ್ತಿಯವರೆಗೆ 578 ಮಿಲಿಮೀಟರು. ಅದರ ಬದಲು 175/70 ಆರ್ 14 ಹಾಕಿಸಿದರೆ ಎತ್ತರ 600 ಮಿಲಿಮೀಟರನ್ನು ದಾಟುತ್ತದೆ. ಅಂದರೆ ನೂರಕ್ಕೆ ಸುಮಾರು 4ರಷ್ಟು ಹೆಚ್ಚು. ಗಾಲಿ ದೊಡ್ಡದಾದಷ್ಟೂ ಅದೇ ಗೇರಿನಲ್ಲಿ ನೆಲವನ್ನು ತಳ್ಳುವ ಬಲ ಕಡಮೆಯಾಗುತ್ತದೆ. ಹಿಂದಿನ ಹಲ್ಲುಚಕ್ರ ಚಿಕ್ಕದಾದ ಸೈಕಲ್ಲನ್ನು ಏರಿನಲ್ಲಿ ತುಳಿದವರಿಗೆ ಈ ಕಷ್ಟ ಗೊತ್ತು. ಇದರ ಮೇಲೆ ಒಂದೊಂದು ಗಾಲಿಯೂ 13 ಕಿಲೋವಿನಿಂದ 17 ಕಿಲೋವಿಗೆ ಏರಿತೆನ್ನಿ. ನಾಲ್ಕರಲ್ಲಿ 16 ಕಿಲೋ. ತಿರುಗುವ ಲೆಕ್ಕದಲ್ಲಿ 24ರಿಂದ 32 ಕಿಲೋ. ಎರಡೂ ಸೇರಿದರೆ ಕಾರಿನ ಚುರುಕು ನೂರಕ್ಕೆ ಆರೇಳರಷ್ಟು ಇಳಿಯಿತು. 1000 ಕಿಲೋವಿನ ಕಾರಿನಲ್ಲಿ ಇದು ಬಾಡಿಗೆ ಕೊಡದ ಒಬ್ಬ ಪ್ರಯಾಣಿಕನನ್ನು ಹಗಲೂ ರಾತ್ರಿ ಕೂರಿಸಿಕೊಂಡು ತಿರುಗಿದಂತೆ. ಹಗುರ ಗಾಲಿ ಕೊಡುವ ಲಾಭ ಒಂದೂವರೆ, ದೊಡ್ಡ ಗಾಲಿ ತರುವ ನಷ್ಟ ಆರೇಳು. ವ್ಯಾಪಾರ ಯಾವ ಕಡೆಗೆ ವಾಲುತ್ತದೆಂದು ನೀವೇ ನೋಡಿ.

ಟ್ಯಾಕ್ಸಿಯವರಿಗೆ ಇನ್ನೊಂದು ಪೆಟ್ಟು ಉಂಟು. ಬಾಡಿಗೆಯ ಮೀಟರು ಎಣಿಸುವುದು ರಸ್ತೆಯನ್ನಲ್ಲ, ತಿರುಗುವ ಸುತ್ತುಗಳನ್ನು. ಗಾಲಿ ನೂರಕ್ಕೆ 4ರಷ್ಟು ದೊಡ್ಡದಾದರೆ 100 ಕಿಲೋಮೀಟರು ಓಡಿದಾಗ ಮೀಟರಿನಲ್ಲಿ ಬೀಳುವುದು 96 ಮಾತ್ರ. ಉಳಿದ 4 ಕಿಲೋಮೀಟರಿನ ಇಂಧನ ನಿಮ್ಮದು, ಬಾಡಿಗೆ ಯಾರದೂ ಅಲ್ಲ. ಸ್ವಂತ ಕಾರಿನವರಿಗೆ ಸ್ಪೀಡೋಮೀಟರು 60 ಎಂದು ತೋರಿಸುವಾಗ ಕಾರು 62ರ ಮೇಲೆ ಓಡುತ್ತಿರುತ್ತದೆ. ಮೀಟರಿನ ಅಂಕಿ ನೋಡಿ ಆವರೇಜು ಲೆಕ್ಕ ಹಾಕುವವರಿಗೆ ಆ ಲೆಕ್ಕವೂ ತಪ್ಪುತ್ತದೆ.

"ಹೊರಗಿನ ಎತ್ತರ ಬದಲಾಗದಂತೆ ದೊಡ್ಡ ರಿಮ್ಮು ಹಾಕೋಣ" ಎನ್ನುವವರೂ ಇದ್ದಾರೆ. 195/50 ಆರ್ 15 ಟೈರಿನ ಎತ್ತರ 576 ಮಿಲಿಮೀಟರು. ಮೇಲಿನ 13 ಇಂಚಿನದಕ್ಕೆ ಬಹುತೇಕ ಸಮ. ಮೀಟರು ಸರಿಯಾಗಿರುತ್ತದೆ. ಆದರೆ ರಿಮ್ಮು ಎರಡು ಇಂಚು ದೊಡ್ಡದು, ಟೈರು 4 ಸೆಂಟಿಮೀಟರು ಹೆಚ್ಚು ಅಗಲ, ನೆಲಕ್ಕೂ ರಿಮ್ಮಿಗೂ ನಡುವಿನ ರಬ್ಬರಿನ ಗೋಡೆ 124 ಮಿಲಿಮೀಟರಿನಿಂದ 97ಕ್ಕೆ ಇಳಿದಿದೆ. ಮಳೆಗಾಲದಲ್ಲಿ ನೀರು ತುಂಬಿದ ಗುಂಡಿಗೆ ಗಾಲಿ ಇಳಿದಾಗ ಪೆಟ್ಟು ತಡೆಯಬೇಕಾದದ್ದು ಆ ಗೋಡೆಯೇ. ಅದು ಕುಳ್ಳಾದಷ್ಟೂ ಪೆಟ್ಟು ನೇರವಾಗಿ ರಿಮ್ಮಿಗೆ ತಾಗುತ್ತದೆ. ಟೈರಿನ ಪಕ್ಕದಲ್ಲಿ ಬೋರೆ ಏಳುತ್ತದೆ. ಬೋರೆ ಎದ್ದ ಟೈರಿಗೆ ರಿಪೇರಿ ಇಲ್ಲ.

ಟೈರಿನ ಮೈಮೇಲಿನ ಬರಹ

ಟೈರಿನ ಪಕ್ಕದಲ್ಲಿ ಅಚ್ಚಾದ ಅಂಕಿಗಳನ್ನು ಓದಲು ಕಲಿತವರನ್ನು ಯಾರೂ ಸುಲಭವಾಗಿ ಮೋಸಗೊಳಿಸಲಾರರು. 155/80 ಆರ್ 13 79 ಟಿ ಎಂದಿದೆ ಎನ್ನೋಣ. 155 ಎಂದರೆ ಟೈರಿನ ಅಗಲ ಮಿಲಿಮೀಟರಿನಲ್ಲಿ. 80 ಎಂದರೆ ಪಕ್ಕದ ಗೋಡೆಯ ಎತ್ತರ ಅಗಲದ ನೂರಕ್ಕೆ 80ರಷ್ಟು. ಆರ್ ಎಂದರೆ ರೇಡಿಯಲ್. 13 ಎಂದರೆ ರಿಮ್ಮಿನ ಅಳತೆ ಇಂಚಿನಲ್ಲಿ. 79 ಎಂಬುದು ಭಾರ ಹೊರುವ ಶಕ್ತಿಯ ಸಂಕೇತ. ಒಂದು ಟೈರು 437 ಕಿಲೋ ಹೊರಬಲ್ಲದು. ಟಿ ಎಂಬುದು ವೇಗದ ಮಿತಿ, ಗಂಟೆಗೆ 190 ಕಿಲೋಮೀಟರು.

ಈ ರೇಡಿಯಲ್ ಟೈರಿಗೆ ಫ್ರಾನ್ಸಿನ ಮಿಶೆಲಿನ್ ಕಂಪನಿ 1946ರಲ್ಲಿ ಪೇಟೆಂಟು ಪಡೆಯಿತು. ನಮ್ಮ ದೇಶದಲ್ಲಿ ಜೆ.ಕೆ. ಟೈರ್ ಕಂಪನಿ 1977ರಲ್ಲಿ ರೇಡಿಯಲ್ ಟೈರನ್ನು ಹೊರತಂದಿತು. ಮೈಸೂರಿನ ವಿಕ್ರಾಂತ್ ಟೈರ್ಸ್ ಕಾರ್ಖಾನೆ 1997ರಲ್ಲಿ ಇದೇ ಕಂಪನಿಯ ಕೈಗೆ ಬಂದಿತು. ಕುರ್ಲಾದ ಕಾರ್ಖಾನೆಯಲ್ಲಿ ತಯಾರಾಗಿ, 2023ರ ಅಕ್ಟೋಬರ್ ಕೊನೆಗೆ ಮುಂಬಯಿಯ ರಸ್ತೆಯಿಂದ ಮರೆಯಾದ ಪದ್ಮಿನಿ ಟ್ಯಾಕ್ಸಿಯನ್ನು ಓಡಿಸಿದ ಹಿರಿಯರಿಗೆ 5.20-14 ಎಂಬ ಹಳೆಯ ಅಳತೆ ನೆನಪಿರಬಹುದು. ಅದರಲ್ಲಿ ಅಗಲವೂ ಇಂಚಿನಲ್ಲೇ.

ಈ ಅಂಕಿಗಳಲ್ಲಿ ಅತ್ಯಂತ ಮುಖ್ಯವಾದದ್ದು ಭಾರ ಹೊರುವ ಸಂಕೇತ. 75 ಎಂದಿದ್ದರೆ 387 ಕಿಲೋ, 79 ಎಂದರೆ 437, 82 ಎಂದರೆ 475, 84 ಎಂದರೆ 500. ಟೈರನ್ನು ಹಗುರ ಮಾಡುವ ಸುಲಭದ ದಾರಿಯೆಂದರೆ ಅದನ್ನು ತೆಳ್ಳಗೆ ಮಾಡುವುದು. ಹಾಗೆ ಮಾಡಿದ ಟೈರು ಬೇಗ ಸವೆಯುತ್ತದೆ, ಕಲ್ಲಿಗೆ ಬೇಗ ಸೀಳುತ್ತದೆ. ಸಂಕೇತವೂ ಕಡಮೆಯಿದ್ದರೆ ಹೊರೆ ತಡೆಯದು. ನಗರದಲ್ಲಿ ಒಬ್ಬರೇ ಓಡಾಡುವಾಗ ಇದು ತಿಳಿಯುವುದಿಲ್ಲ. ಮೇ ತಿಂಗಳ ರಜೆಯಲ್ಲಿ ಐದು ಜನ ಕುಳಿತು, ಡಿಕ್ಕಿ ತುಂಬ ಗಂಟುಮೂಟೆ ತುಂಬಿ, ಕಾದ ರಸ್ತೆಯಲ್ಲಿ ಉಡುಪಿಗೋ ಕುಮಟೆಗೋ ಹೊರಟಾಗ ತಿಳಿಯುತ್ತದೆ. ಆಗ ಹಿಂದಿನ ಎರಡು ಟೈರುಗಳ ಮೇಲೆ ಬೀಳುವ ಹೊರೆಯೇ ಬೇರೆ. ಗಾಳಿ ಕಡಮೆಯಿದ್ದು, ಹೊರೆ ಹೆಚ್ಚಿದ್ದು, ವೇಗವೂ ಸೇರಿದರೆ ಟೈರು ಒಳಗೆ ಕಾದು ಸಿಡಿಯುತ್ತದೆ. ಅರ್ಧ ಸೆಕೆಂಡಿನ ಪಿಕಪ್ಪಿಗಾಗಿ ಮನೆಮಂದಿಯ ಜೀವವನ್ನು ಪಣಕ್ಕಿಡುವುದು ಬುದ್ಧಿವಂತಿಕೆಯಲ್ಲ.

ಆದ್ದರಿಂದ ಒಂದು ನಿಯಮವನ್ನು ನೆನಪಿಟ್ಟುಕೊಳ್ಳಿ: ಕಾರಿನ ಕಂಪನಿ ಹೇಳಿದ ಸಂಕೇತಕ್ಕಿಂತ ಹೆಚ್ಚಿನದು ನಡೆದೀತು, ಕಡಮೆಯದು ಎಂದಿಗೂ ಕೂಡದು. ಆ ಸಂಕೇತವೂ, ಅಳತೆಯೂ, ತುಂಬಬೇಕಾದ ಹವೆಯೂ ಚಾಲಕನ ಬಾಗಿಲು ತೆರೆದರೆ ಕಂಬದ ಮೇಲಿನ ಚೀಟಿಯಲ್ಲಾಗಲಿ, ಕಾರಿನೊಡನೆ ಬಂದ ಪುಸ್ತಕದಲ್ಲಾಗಲಿ ಸಿಗುತ್ತವೆ. ಸರಕು ಸಾಗಿಸುವ ಟೆಂಪೋ, ವ್ಯಾನುಗಳ ಟೈರುಗಳು ಭಾರವಾಗಿರುವುದು ಹೊರೆ ಹೊರಲೆಂದೇ. ಹಗುರವೆಂದು ಅವಕ್ಕೆ ಕಾರಿನ ಟೈರು ಹಾಕಲೇಬಾರದು.

ಟೈರಿನ ವಯಸ್ಸನ್ನೂ ನೋಡಿ. ಪಕ್ಕದಲ್ಲಿ ಮೊಟ್ಟೆಯಾಕಾರದ ಗೆರೆಯೊಳಗೆ ನಾಲ್ಕು ಅಂಕಿಗಳಿರುತ್ತವೆ. 2324 ಎಂದಿದ್ದರೆ ಅದು 2024ನೆಯ ಇಸವಿಯ 23ನೆಯ ವಾರದಲ್ಲಿ ತಯಾರಾದದ್ದು. ವರ್ಷಗಟ್ಟಲೆ ಗೋದಾಮಿನಲ್ಲಿ ಒಣಗಿದ ಟೈರನ್ನು ಹೊಸದರ ಬೆಲೆಗೆ ಕೊಳ್ಳಬಾರದು. ಹಾದಿಯ ಸಾಲುಗಳ ನಡುವೆ ಅಲ್ಲಲ್ಲಿ ಉಬ್ಬಿದ ಅಡ್ಡಗೆರೆಗಳು 1.6 ಮಿಲಿಮೀಟರಿನ ಗುರುತು. ರಬ್ಬರು ಸವೆದು ಆ ಗೆರೆಗೆ ಸಮವಾದರೆ ಟೈರಿನ ಆಯುಷ್ಯ ಮುಗಿಯಿತೆಂದು ತಿಳಿಯತಕ್ಕದ್ದು.

ಹಗುರ ಗಾಲಿಯ ಇನ್ನೊಂದು ಗುಣ

ಹಗುರ ಗಾಲಿಯ ಪರವಾಗಿ ಹೇಳಬೇಕಾದ ಒಂದು ಒಳ್ಳೆಯ ಮಾತಿದೆ. ಅದನ್ನು ಅಂಗಡಿಯವರು ಹೇಳುವುದು ಕಡಮೆ. ಕಾರಿನ ಮೈಯೆಲ್ಲ ಸ್ಪ್ರಿಂಗುಗಳ ಮೇಲೆ ಕುಳಿತಿದೆ. ಗಾಲಿ, ಟೈರು, ಬ್ರೇಕು ಮಾತ್ರ ಸ್ಪ್ರಿಂಗಿನ ಕೆಳಗಿವೆ. ಉಬ್ಬು ಬಂದಾಗ ಗಾಲಿ ಮೇಲಕ್ಕೆ ಹಾರುತ್ತದೆ, ಸ್ಪ್ರಿಂಗು ಅದನ್ನು ಮತ್ತೆ ನೆಲಕ್ಕೆ ಒತ್ತುತ್ತದೆ. ಗಾಲಿ ಭಾರವಾದಷ್ಟೂ ಅದನ್ನು ಹಿಡಿದು ಕೆಳಗಿಳಿಸುವುದು ಸ್ಪ್ರಿಂಗಿಗೂ ಶಾಕ್ ಅಬ್ಸಾರ್ಬರಿಗೂ ಕಷ್ಟ. ಹಗುರವಾದ ಗಾಲಿ ರಸ್ತೆಯ ಏರುತಗ್ಗುಗಳನ್ನು ಬೇಗ ಅನುಸರಿಸುತ್ತದೆ. ನೆಲಕ್ಕೆ ಅಂಟಿಕೊಂಡ ಗಾಲಿಗೆ ಬ್ರೇಕು ಹಿಡಿಯುತ್ತದೆ, ಸ್ಟೀರಿಂಗು ಮಾತು ಕೇಳುತ್ತದೆ. ಗಾಳಿಯಲ್ಲಿರುವ ಗಾಲಿಗೆ ಎರಡೂ ಇಲ್ಲ. ಒಂದೇ ಅಳತೆಯಲ್ಲಿ ನಿಜವಾಗಿಯೂ ಹಗುರವಾದ ಗಾಲಿ ಸಿಕ್ಕಿದರೆ ಅದರ ಮುಖ್ಯ ಲಾಭ ಪಿಕಪ್ಪಿನದಲ್ಲ, ಈ ಹಿಡಿತದ್ದು ಮತ್ತು ಕುಳಿತವರ ಸುಖದ್ದು.

ಆದರೆ ಇದಕ್ಕೂ ಒಂದು ಎದುರುಮಾತುಂಟು. ಉಕ್ಕಿನ ಗಾಲಿ ಪೆಟ್ಟು ಬಿದ್ದಾಗ ಬಾಗುತ್ತದೆ. ಬಾಗಿದ್ದನ್ನು ಕಣ್ಣಿನಿಂದ ಕಾಣಬಹುದು, ಕುಶಲ ಕೆಲಸಗಾರರು ಬೆಂಡು ತೆಗೆದು ಸರಿಮಾಡಿಕೊಡುತ್ತಾರೆ, ಆಗದಿದ್ದರೆ ಕಡಮೆ ಬೆಲೆಗೆ ಬೇರೆಯದು ಸಿಗುತ್ತದೆ. ಎರಕದ ಗಾಲಿ ಬಿರುಕು ಬಿಡಬಹುದು. ಬಿರುಕು ಒಳಗಡೆ ಇದ್ದರೆ ಕಾಣುವುದೂ ಇಲ್ಲ. ಬಿರುಕನ್ನು ಬೆಸೆದು ಬಣ್ಣ ಹೊಡೆದು ಹಳೆಯ ಮಾಲಿನಲ್ಲಿ ಮಾರುವುದುಂಟು. ಆದಕಾರಣ ಹಳೆಯ ಮ್ಯಾಗ್ ವೀಲನ್ನು ಅಗ್ಗವೆಂದು ಕೊಳ್ಳುವುದಕ್ಕಿಂತ ಹೊಸ ಉಕ್ಕಿನ ಗಾಲಿ ಲೇಸು.

ಗಾಲಿ ಕೊಳ್ಳುವುದೇ ನಿಶ್ಚಯವಾದರೆ

ಇಷ್ಟೆಲ್ಲ ತಿಳಿದ ಮೇಲೂ ಕೊಳ್ಳುವ ಮನಸ್ಸಿದ್ದರೆ, ಕಾರಿನೊಡನೆ ಬಂದ ಅಳತೆಯನ್ನೇ ಹಿಡಿಯಿರಿ. ನಿಮ್ಮ ಮಾದರಿಯ ಮೇಲಿನ ದರ್ಜೆಗೆ ಕಂಪನಿಯೇ ಬೇರೆ ಅಳತೆ ಕೊಟ್ಟಿದ್ದರೆ ಅದೂ ಆದೀತು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ಕಂಪನಿಯ ನಿರ್ದಿಷ್ಟ ವಿವರಗಳಿಗೆ ಹೊರತಾಗಿ ವಾಹನವನ್ನು ಬದಲಾಯಿಸುವುದನ್ನು ತಡೆಯುತ್ತದೆ. ಗಾಲಿ ಮಡ್‌ಗಾರ್ಡಿನಿಂದ ಹೊರಚಾಚಿದರೆ ಪೊಲೀಸರೂ ಕೇಳುತ್ತಾರೆ, ಅಪಘಾತವಾದಾಗ ವಿಮೆಯವರೂ ಕೇಳುತ್ತಾರೆ.

ನಟ್ಟುಗಳ ರಂಧ್ರಗಳು ಹೊಂದಬೇಕು. ನಾಲ್ಕು ರಂಧ್ರಗಳ ಗಾಲಿಯಲ್ಲಿ 100 ಮಿಲಿಮೀಟರಿನ ವೃತ್ತವೂ ಇದೆ, 114.3ರದ್ದೂ ಇದೆ, ಒಂದರ ಜಾಗಕ್ಕೆ ಇನ್ನೊಂದು ಕೂರುವುದಿಲ್ಲ. ಆಫ್‌ಸೆಟ್ ಎಂಬ ಅಳತೆ ತಪ್ಪಿದರೆ ಗಾಲಿ ಒಳಗೆ ಶಾಕ್ ಅಬ್ಸಾರ್ಬರಿಗೆ ಉಜ್ಜುತ್ತದೆ, ಇಲ್ಲವೇ ಹೊರಗೆ ಚಾಚಿ ಬೇರಿಂಗನ್ನು ತಿನ್ನುತ್ತದೆ. ನಡುವಿನ ತೂತು ಹಬ್ಬಿಗೆ ಸರಿಯಾಗಿ ಕೂರದಿದ್ದರೆ ವೇಗದಲ್ಲಿ ಸ್ಟೀರಿಂಗು ನಡುಗುತ್ತದೆ. ಗಾಲಿಯ ಒಳಮೈಯಲ್ಲಿ ಅದು ಹೊರಬಲ್ಲ ಭಾರ ಅಚ್ಚಾಗಿದೆಯೇ, ಜಪಾನಿನ ಜೆ.ಡಬ್ಲ್ಯು.ಎಲ್. ಗುರುತೋ ನಮ್ಮ ಐ.ಎಸ್.ಐ. ಗುರುತೋ ಇದೆಯೇ ಎಂದು ನೋಡಿ. ಹಳೆಯ ನಟ್ಟುಗಳು ಹೊಸ ಗಾಲಿಗೆ ಹೊಂದದೆ ಇರಬಹುದು. ಸರಿಯಾದ ನಟ್ಟನ್ನೇ ಕೇಳಿ ಹಾಕಿಸಿಕೊಳ್ಳಿ. ಹಾಕಿಸಿದ ಮೇಲೆ 50ರಿಂದ 100 ಕಿಲೋಮೀಟರು ಓಡಿದೊಡನೆ ಪಾನಾ ಹಿಡಿದು ನಟ್ಟುಗಳನ್ನು ಮತ್ತೊಮ್ಮೆ ಬಿಗಿ ನೋಡುವುದನ್ನು ಮರೆಯಬೇಡಿ.

ಖರ್ಚಿಲ್ಲದ ಉಪಾಯ

ಕೊನೆಯದಾಗಿ ಹವೆಯ ಮಾತು. ಅಮೆರಿಕದ ಇಂಧನ ಇಲಾಖೆಯ ಅಂದಾಜಿನಂತೆ ನಾಲ್ಕೂ ಟೈರುಗಳ ಸರಾಸರಿ ಒತ್ತಡ ಒಂದು ಪೌಂಡು ಇಳಿದರೆ ಇಂಧನದಲ್ಲಿ ನೂರಕ್ಕೆ 0.2ರಷ್ಟು ನಷ್ಟ. ಐದು ಪೌಂಡು ಇಳಿದರೆ ನೂರಕ್ಕೆ ಒಂದರಷ್ಟು ಆಯಿತು. ದುಬಾರಿ ಹಗುರ ಗಾಲಿಯಿಂದ ನಗರದಲ್ಲಿ ಆಗಬಹುದಾದ ಉಳಿತಾಯವೆಲ್ಲ ಇಲ್ಲಿಯೇ ಸೋರಿಹೋಯಿತು. ಅದೂ ಅಲ್ಲದೆ ಟೈರಿನ ಅಂಚು ಸವೆಯುತ್ತದೆ, ಮೈ ಕಾಯುತ್ತದೆ. ಹದಿನೈದು ದಿನಕ್ಕೊಮ್ಮೆ, ಕಾರು ಓಡಿ ಟೈರು ಕಾಯುವುದಕ್ಕೆ ಮುಂಚೆ, ಬೆಳಗಿನ ಹೊತ್ತು ಹವೆ ನೋಡಿಸುವುದು ಎರಡು ನಿಮಿಷದ ಕೆಲಸ. ಸ್ಟೆಪ್ನಿಗೂ ನೋಡಿಸಬೇಕು, ನಡುರಾತ್ರಿ ಘಾಟಿಯಲ್ಲಿ ಅದೇ ಆಪದ್ಬಂಧು.

ಹೀಗಾಗಿ ನಮ್ಮ ಓದುಗ ಬಂಧುಗಳಿಗೆ ನಾವು ಸೂಚಿಸುವ ಕ್ರಮ ಇದು. ಮೊದಲು ಡಿಕ್ಕಿಯ ಬೇಡದ ಭಾರವನ್ನು ಇಳಿಸಿ. ಎರಡನೆಯದಾಗಿ ಹವೆಯನ್ನೂ ಗಾಲಿಯ ಅಲೈನ್‌ಮೆಂಟನ್ನೂ ಸರಿಯಾಗಿಡಿ. ಮೂರನೆಯದಾಗಿ ಟೈರು ಸವೆದಾಗ ಕಂಪನಿಯ ಅಳತೆಯಲ್ಲೇ, ಹೊರುವ ಶಕ್ತಿ ಕಡಮೆಯಾಗದಂತೆ, ಒಳ್ಳೆಯ ಕಂಪನಿಯ ಹೊಸ ಟೈರನ್ನು ಹಾಕಿಸಿ. ಒಂದೇ ಬೆಲೆಯ ಎರಡು ಒಳ್ಳೆಯ ಟೈರುಗಳಿದ್ದರೆ ತೂಗಿ ನೋಡಿ ಹಗುರವಾದದ್ದನ್ನು ಆರಿಸಿ. ಇವೆಲ್ಲ ಆದಮೇಲೂ ಕೈಯಲ್ಲಿ ಹಣ ಮಿಕ್ಕಿದ್ದರೆ, ಅದೇ ಅಳತೆಯ, ತಕ್ಕಡಿಯಲ್ಲಿ ಹಗುರವೆಂದು ಕಂಡ ಗಾಲಿಯನ್ನು ಕೊಳ್ಳಲು ನಮ್ಮ ಅಡ್ಡಿಯಿಲ್ಲ. ಉಕ್ಕಿನ ಗಾಲಿಯಲ್ಲೇ ತೃಪ್ತರಾಗಿ, ಉಳಿದ ಹಣವನ್ನು ಮಕ್ಕಳ ಶಾಲೆಯ ಫೀಜಿಗೋ ಊರಿನ ಮನೆಯ ಹೆಂಚಿಗೋ ಇಟ್ಟುಕೊಂಡವರು ಕಾರಿನ ವಿಷಯದಲ್ಲಿ ಏನನ್ನೂ ಕಳೆದುಕೊಂಡಂತಾಗುವುದಿಲ್ಲ.